ಜರ್ಮನಿಯ ಯಾವ ಊರಿನವರು? ಅಮೆರಿಕಕ್ಕೆ ಹೋದ ಪೂರ್ವಜರ ಜಾಡು ಹಿಡಿಯುವ ಬಗೆ

ತಮ್ಮ ಮೂಲ ಜರ್ಮನಿ ಎನ್ನುವವರು ಅಮೆರಿಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ಜರ್ಮನಿಯಲ್ಲಿ ಎಲ್ಲಿ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. 1882 ಒಂದೇ ವರ್ಷದಲ್ಲಿ ಸುಮಾರು ಎರಡೂವರೆ ಲಕ್ಷ ಜರ್ಮನ್ನರು ಅಲ್ಲಿಗೆ ಬಂದಿಳಿದರು. ಅವರ ಮರಿಮಕ್ಕಳ ಕೈಯಲ್ಲಿ ಉಳಿದಿರುವುದು ಒಂದು ಮನೆತನದ ಹೆಸರು, ಅದೃಷ್ಟವಿದ್ದರೆ ಒಂದು ಹಳೆಯ ಬೈಬಲ್ಲು, ಜೊತೆಗೆ "ಮುತ್ತಜ್ಜ ಹ್ಯಾಂಬರ್ಗಿನಿಂದ ಬಂದವನು" ಎಂಬ ಮಾತು. ಆ ಹ್ಯಾಂಬರ್ಗ್ ಬಹುಪಾಲು ಹಡಗು ಹತ್ತಿದ ಊರು, ಹುಟ್ಟಿದ ಊರಲ್ಲ.

ಇಲ್ಲಿ ಹುಡುಕಬೇಕಾದದ್ದು ಹುಟ್ಟಿದ ಹಳ್ಳಿಯ ಹೆಸರನ್ನು. ಅದು ಸಿಗುವವರೆಗೆ ಜರ್ಮನಿಯ ದಫ್ತರಗಳ (ಹಳೆಯ ದಾಖಲೆಗಳ ಭಂಡಾರಗಳ) ಕಡೆ ತಲೆ ಹಾಕಿ ಪ್ರಯೋಜನವಿಲ್ಲ. ಕಾರಣ ಸರಳ: ಹುಟ್ಟು, ಮದುವೆ, ಸಾವುಗಳನ್ನು ಶತಮಾನಗಳ ಕಾಲ ಬರೆದಿಟ್ಟವರು ಆಯಾ ಊರಿನ ಚರ್ಚಿನ ಪಾದ್ರಿಗಳು. ಸರ್ಕಾರಿ ನೋಂದಣಿ ಜರ್ಮನಿಯ ಅತಿ ದೊಡ್ಡ ರಾಜ್ಯವಾಗಿದ್ದ ಪ್ರಷ್ಯದಲ್ಲಿ ಶುರುವಾದದ್ದು 1874ರ ಅಕ್ಟೋಬರಿನಲ್ಲಿ, ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಬಂದದ್ದು 1876ರ ಜನವರಿ 1ರಂದು. ದೇಶಕ್ಕೆಲ್ಲ ಒಂದೇ ಸೂಚಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಜಾಲತಾಣದಲ್ಲಿ "ಯೋಹಾನ್ ಮ್ಯುಲ್ಲರ್, ಜನನ 1840" ಎಂದು ಹುಡುಕಿದರೆ ನೂರಾರು ಮಂದಿ ಬರುತ್ತಾರೆ. ಅವರಲ್ಲಿ ಒಬ್ಬನನ್ನು ಆರಿಸಿಕೊಂಡು ವಂಶವೃಕ್ಷಕ್ಕೆ ಅಂಟಿಸುವುದು ಈ ಕೆಲಸದಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ಹಾಗೆ ಅಂಟಿಸಿದ ವೃಕ್ಷಗಳನ್ನು ಇನ್ನೊಬ್ಬರು ನಕಲು ಮಾಡುತ್ತಾರೆ, ಹತ್ತು ಕಡೆ ಕಂಡದ್ದು ನಿಜವೆಂದೇ ಆಗಿಬಿಡುತ್ತದೆ.

ಮನೆಯ ಮಾತನ್ನು ಎಷ್ಟು ನಂಬಬೇಕು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಡೊನಾಲ್ಡ್ ಟ್ರಂಪ್ ಅವರ ತಂದೆ ಫ್ರೆಡ್ ತಮ್ಮ ಮನೆತನ ಸ್ವೀಡನ್ನಿನದು ಎಂದು ದಶಕಗಳ ಕಾಲ ಹೇಳಿಕೊಂಡು ಬಂದಿದ್ದರು. ದಾಖಲೆ ಹೇಳುವುದು ಬೇರೆ. ಅಜ್ಜ ಫ್ರೀಡ್ರಿಖ್ ಟ್ರಂಪ್ 1869ರಲ್ಲಿ ಹುಟ್ಟಿದ್ದು ಜರ್ಮನಿಯ ಕಾಲ್‌ಸ್ಟಾಟ್ ಎಂಬ ದ್ರಾಕ್ಷಿ ಬೆಳೆಯುವ ಹಳ್ಳಿಯಲ್ಲಿ. 1885ರ ಅಕ್ಟೋಬರಿನಲ್ಲಿ, ಹದಿನಾರರ ವಯಸ್ಸಿನಲ್ಲಿ, ಬ್ರೆಮೆನ್‌ನಿಂದ 'ಐಡರ್' ಎಂಬ ಉಗಿಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. ಅಮೆರಿಕದ ಪಟ್ಟಿಯಲ್ಲಿ ಅವನ ಹೆಸರು 'ಫ್ರೀಡ್ರ್. ಟ್ರುಂಫ್' ಎಂದಿದೆ. 1892ರಲ್ಲಿ ಸಿಯಾಟಲ್‌ನಲ್ಲಿ ಪೌರತ್ವ ಪಡೆದ. ಈ ನಾಲ್ಕೈದು ಸಂಗತಿಗಳಲ್ಲೇ ಹುಡುಕಾಟದ ಬಹುತೇಕ ತೊಡಕುಗಳು ಅಡಗಿವೆ. ಹೀಗಾಗಿ ಈ ಉದಾಹರಣೆ ಮುಂದೆಯೂ ಬರುತ್ತದೆ.

ಸಾವಿನಿಂದ ಹಿಂದಕ್ಕೆ

ಕೆಲಸ ಶುರುವಾಗಬೇಕಾದದ್ದು ಅಮೆರಿಕದಲ್ಲಿ, ಅದೂ ವ್ಯಕ್ತಿಯ ಸಾವಿನಿಂದ. ಮೊದಲು ಜನಗಣತಿಯ ಹಾಳೆಗಳನ್ನು ಜೋಡಿಸಿಕೊಳ್ಳಿ. ಮನೆಯ ಎಲ್ಲರ ಹೆಸರೂ ಸಿಗುವುದು 1850ರ ಗಣತಿಯಿಂದ. 1880ರಲ್ಲಿ ತಂದೆತಾಯಿ ಹುಟ್ಟಿದ ನಾಡು ಸೇರಿತು. 1900ರಲ್ಲಿ ವಲಸೆ ಬಂದ ವರ್ಷ ಮತ್ತು ಪೌರತ್ವದ ಸ್ಥಿತಿ, 1920ರಲ್ಲಿ ಪೌರತ್ವ ಸಿಕ್ಕ ವರ್ಷ ದಾಖಲಾದವು. 1890ರ ಗಣತಿ ಬಹುತೇಕ ಇಲ್ಲವೇ ಇಲ್ಲ, 1921ರ ಬೆಂಕಿಯಲ್ಲಿ ಹಾಳಾಯಿತು. ಗಣತಿಯಲ್ಲಿ ಹಳ್ಳಿಯ ಹೆಸರು ಸಿಗುವುದು ಅಪರೂಪ. ಅದರಿಂದ ಬೇಕಾದದ್ದು ಎರಡೇ: ವಲಸೆಯ ಸುಮಾರು ವರ್ಷ ಮತ್ತು ಆ ಕುಟುಂಬ ಬಾಳಿದ ಜಾಗ. ವಲಸೆಯ ವರ್ಷ ಒಂದೊಂದು ಗಣತಿಯಲ್ಲಿ ಒಂದೊಂದಾಗಿದ್ದರೆ ಆಶ್ಚರ್ಯಪಡಬೇಡಿ. ಉತ್ತರ ಹೇಳಿದವರು ಪಕ್ಕದ ಮನೆಯವರೂ ಆಗಿರಬಹುದು. ಎರಡು ಮೂರು ವರ್ಷ ಹಿಂದೆಮುಂದೆ ಇಟ್ಟುಕೊಂಡೇ ಹುಡುಕಿ.

ಹಳ್ಳಿಯ ಹೆಸರು ಸಿಗುವ ಸಾಧ್ಯತೆ ಅತಿ ಹೆಚ್ಚಿರುವುದು ಅಮೆರಿಕದ ಜರ್ಮನ್ ಚರ್ಚುಗಳ ಪುಸ್ತಕಗಳಲ್ಲಿ. ಮರಣ ಪ್ರಮಾಣಪತ್ರದಲ್ಲಿ ಗುಮಾಸ್ತ "ಜರ್ಮನಿ" ಎಂದು ಗೀಚಿ ಮುಗಿಸಿರುತ್ತಾನೆ. ಅದೇ ಮನುಷ್ಯನನ್ನು ಹೂಳಿದ ಲುಥೆರನ್ ಪಾದ್ರಿ ಮಾತ್ರ ಹುಟ್ಟಿದ ಹಳ್ಳಿ, ಅದು ಸೇರಿದ ರಾಜ್ಯ, ಹುಟ್ಟಿದ ದಿನ, ಎಷ್ಟು ಮಕ್ಕಳು ಎಂಬುದನ್ನೆಲ್ಲ ಬರೆದಿರುತ್ತಾನೆ. ಪಾದ್ರಿಯೂ ಅದೇ ಸೀಮೆಯಿಂದ ಬಂದವನಾದ್ದರಿಂದ ಊರಿನ ಹೆಸರನ್ನು ಸರಿಯಾಗಿ ಬರೆಯಬಲ್ಲವನು. ಯಾವ ಚರ್ಚು ಎಂದು ತಿಳಿಯಲು ಮದುವೆಯ ಪರವಾನಗಿಯಲ್ಲಿ ಸಹಿ ಮಾಡಿದ ಪಾದ್ರಿಯ ಹೆಸರು ನೋಡಿ, ಆ ಕಾಲದ ನಗರ ಡೈರೆಕ್ಟರಿಯಲ್ಲಿ ಆತ ಯಾವ ಸಭೆಯವನು ಎಂದು ಹುಡುಕಿ. ಮುಂದೆ ಆ ಚರ್ಚು ಮುಚ್ಚಿದ್ದರೆ ಅಥವಾ ಬೇರೊಂದರಲ್ಲಿ ವಿಲೀನವಾಗಿದ್ದರೆ ಪುಸ್ತಕಗಳು ಆ ಪಂಥದ ಕೇಂದ್ರ ದಫ್ತರಕ್ಕೆ ಹೋಗಿರುತ್ತವೆ. ಮರಣದ ದಾಖಲೆಯಲ್ಲಿ ಇಲ್ಲದಿದ್ದರೆ ಮದುವೆಯದನ್ನು, ಅದರಲ್ಲೂ ಇಲ್ಲದಿದ್ದರೆ ಮೊದಲ ಮಗುವಿನ ದೀಕ್ಷಾಸ್ನಾನದ್ದನ್ನು ತೆಗೆಸಿ. ಅಲ್ಲಿ ಸಾಕ್ಷಿ ನಿಂತವರ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ.

ಸಾಕ್ಷಿಗಳು ಯಾಕೆಂದರೆ, ಜರ್ಮನ್ನರು ಒಬ್ಬೊಬ್ಬರಾಗಿ ಬರಲಿಲ್ಲ. ಒಂದೇ ಹಳ್ಳಿಯ ನಾಲ್ಕಾರು ಮನೆಯವರು ಒಬ್ಬರ ಹಿಂದೊಬ್ಬರು ಬಂದು ಒಂದೇ ಬೀದಿಯಲ್ಲಿ, ಒಂದೇ ಚರ್ಚಿನ ಸುತ್ತ ನೆಲೆಸಿದರು. ಫ್ರೀಡ್ರಿಖ್ ಟ್ರಂಪ್ ನ್ಯೂಯಾರ್ಕಿನಲ್ಲಿ ಇಳಿದು ಹೋದದ್ದು ಮೊದಲೇ ಬಂದಿದ್ದ ಅಕ್ಕನ ಮನೆಗೆ. ಹೈನ್ಸ್ ಕೆಚಪ್‌ನ ಸ್ಥಾಪಕನ ತಂದೆಯೂ ಅದೇ ಕಾಲ್‌ಸ್ಟಾಟ್‌ನವನು. ನಿಮ್ಮವನ ಮೂಲ ಸಿಗದಿದ್ದರೆ ಅವನ ಅಣ್ಣತಮ್ಮಂದಿರ, ಹೆಂಡತಿಯ ಅಣ್ಣನ, ಮಗುವಿಗೆ ಸಾಕ್ಷಿ ನಿಂತವನ, ಪಕ್ಕದ ಹೊಲದವನ ಮೂಲ ಹುಡುಕಿ. ನೇರ ಪೂರ್ವಜನೊಬ್ಬನನ್ನೇ ಹಿಡಿದು ಕೂತವರು ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತಾರೆ.

ಚರ್ಚಿನ ಪುಸ್ತಕದ ನಂತರ ಜರ್ಮನ್ ಭಾಷೆಯ ಪತ್ರಿಕೆಗಳು. ಸೇಂಟ್ ಲೂಯಿಸ್‌ನ 'ಅನ್‌ತ್ಸೈಗರ್ ಡೆಸ್ ವೆಸ್ಟೆನ್ಸ್', ಬಾಲ್ಟಿಮೋರಿನ 'ಡೆರ್ ಡಾಯ್ಚ ಕರೆಸ್ಪಾಂಡೆಂಟ್' ಇಂಥವು. ಒಬ್ಬನೇ ವ್ಯಕ್ತಿಯ ಮರಣವಾರ್ತೆ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಾಲು ಇದ್ದರೆ ಇವುಗಳಲ್ಲಿ ಹುಟ್ಟೂರಿನ ಸಮೇತ ಇರುವುದುಂಟು. ಗೋರಿಕಲ್ಲುಗಳನ್ನೂ ಬಿಡಬೇಡಿ. ಹಳೆಯ ಜರ್ಮನ್ ಗೋರಿಗಳಲ್ಲಿ ಹುಟ್ಟಿದ ತಾರೀಖಿನ ಬದಲು ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿ ಕೆತ್ತುತ್ತಿದ್ದರು. 1894ರ ಮಾರ್ಚ್ 20ರಂದು ಸತ್ತವನ ವಯಸ್ಸು 67 ವರ್ಷ, 3 ತಿಂಗಳು, 11 ದಿನ ಎಂದಿದ್ದರೆ, ಮೊದಲು ವರ್ಷ ಕಳೆಯಿರಿ (1827 ಮಾರ್ಚ್ 20), ಆಮೇಲೆ ತಿಂಗಳು (1826 ಡಿಸೆಂಬರ್ 20), ಕೊನೆಗೆ ದಿನ: ಹುಟ್ಟಿದ್ದು 1826ರ ಡಿಸೆಂಬರ್ 9. ಒಂದೆರಡು ದಿನದ ವ್ಯತ್ಯಾಸ ಬಂದೀತು. ಮುಂದೆ ಜರ್ಮನಿಯ ಪುಸ್ತಕದಲ್ಲಿ ಒಂದೇ ಹೆಸರಿನ ಮೂವರು ಕಂಡಾಗ ಈ ತಾರೀಖೇ ನಿಮ್ಮವನನ್ನು ಗುರುತಿಸಿ ಕೊಡುವುದು.

ಪೌರತ್ವದ ಕಾಗದಗಳ ಬಗ್ಗೆ ಜನರಿಗೆ ಅತಿಯಾದ ನಿರೀಕ್ಷೆ. 1906ರ ಸೆಪ್ಟೆಂಬರ್ 27ಕ್ಕೆ ಮುಂಚೆ ಯಾವ ನ್ಯಾಯಾಲಯ ಬೇಕಾದರೂ ಪೌರತ್ವ ಕೊಡಬಹುದಿತ್ತು, ನಮೂನೆಗೂ ಒಂದು ಕಟ್ಟಳೆ ಇರಲಿಲ್ಲ. ಅವುಗಳಲ್ಲಿ ಸಿಗುವುದು ಬಹುಮಟ್ಟಿಗೆ ಯಾವ ದೊರೆಯ ನಿಷ್ಠೆಯನ್ನು ತೊರೆದ ಎಂಬ ಸಾಲು. ಅದೂ ಸಣ್ಣ ಸುಳಿವಲ್ಲ, ವ್ಯುರ್ಟೆಂಬರ್ಗಿನ ದೊರೆಯೋ ಬಾಡೆನ್ನಿನ ಗ್ರ್ಯಾಂಡ್ ಡ್ಯೂಕನೋ ಎಂಬುದರಿಂದ ರಾಜ್ಯ ತಿಳಿಯುತ್ತದೆ. ಆ ತಾರೀಖಿನ ನಂತರದ ಅರ್ಜಿಗಳಲ್ಲಿ ಹುಟ್ಟಿದ ಊರು, ಹಡಗು, ಇಳಿದ ದಿನ ಎಲ್ಲವೂ ಇವೆ. ಪೌರನಾಗುವ ಇಚ್ಛೆಯನ್ನು ಮೊದಲು ತಿಳಿಸುವ ಆಶಯಪತ್ರ ಒಂದು ಊರಿನಲ್ಲಿ, ಅರ್ಜಿ ಇನ್ನೊಂದು ರಾಜ್ಯದಲ್ಲಿ ಸಲ್ಲಿಸಿದ್ದೂ ಸಾಮಾನ್ಯ. ಎರಡನ್ನೂ ಹುಡುಕಿ. ಮದುವೆಯಾದ ಹೆಂಗಸರು 1922ರವರೆಗೆ ಗಂಡನ ಪೌರತ್ವದಲ್ಲೇ ಸೇರಿಹೋಗುತ್ತಿದ್ದರಿಂದ ಅವರ ಹೆಸರಲ್ಲಿ ಪ್ರತ್ಯೇಕ ಕಡತ ಇರುವುದು ವಿರಳ. ಅಂತರ್ಯುದ್ಧದಲ್ಲಿ ಹೋರಾಡಿದವನಾದರೆ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಪಿಂಚಣಿ ಕಡತ, ಅದರಲ್ಲೂ ವಿಧವೆಯ ಪಿಂಚಣಿಯದು, ತೆಗೆಸಿದ ಖರ್ಚಿಗೆ ಮೋಸವಿಲ್ಲ. ಮದುವೆಯನ್ನು ಸಾಬೀತು ಮಾಡಲು ಆಕೆ ಒದಗಿಸಿದ ಕಾಗದಗಳೆಲ್ಲ ಅದರೊಳಗೇ ಇರುತ್ತವೆ.

ಬವೇರಿಯ ಎಂದರೆ ಯಾವ ಬವೇರಿಯ?

1871ಕ್ಕೆ ಮುಂಚಿನ ಜರ್ಮನಿ ಹತ್ತಾರು ರಾಜ್ಯಗಳ ಕಂತೆ. ದಾಖಲೆಯಲ್ಲಿ ಬಂದ ಹೆಸರನ್ನು ಇಂದಿನ ನಕ್ಷೆಯಲ್ಲಿಟ್ಟು ಓದಿದರೆ ದಾರಿ ತಪ್ಪುವುದು ಖಂಡಿತ. ಕಾಲ್‌ಸ್ಟಾಟ್ ಇರುವುದು ರೈನ್ ನದಿಯ ಎಡದಂಡೆಯ ಫಾಲ್ಟ್ಸ್ ಸೀಮೆಯಲ್ಲಿ, ಬವೇರಿಯದ ರಾಜಧಾನಿ ಮ್ಯೂನಿಕ್‌ನಿಂದ ಬಹುದೂರ. ಆದರೆ ಆ ಸೀಮೆ 1816ರಿಂದ ಎರಡನೇ ಮಹಾಯುದ್ಧ ಮುಗಿಯುವವರೆಗೂ ಬವೇರಿಯಕ್ಕೆ ಸೇರಿತ್ತು. ಅಮೆರಿಕದ ಗಣತಿಯಲ್ಲಿ "ಬವೇರಿಯ" ಎಂದು ಬರೆಸಿದವರಲ್ಲಿ ಎಷ್ಟೋ ಜನ ಆಲ್ಪ್ಸ್ ಬೆಟ್ಟವನ್ನು ಕಂಡವರೇ ಅಲ್ಲ. "ಪ್ರಷ್ಯ" ಎಂಬುದು ಇನ್ನೂ ಮೋಸದ ಹೆಸರು, ಬೆಲ್ಜಿಯಂ ಗಡಿಯಿಂದ ರಷ್ಯದ ಗಡಿಯವರೆಗೆ ಅದೇ. ಹ್ಯಾನೋವರ್, ಹೆಸ್ಸೆ-ಕಾಸೆಲ್, ನಸ್ಸೌ ರಾಜ್ಯಗಳನ್ನು ಪ್ರಷ್ಯ 1866ರಲ್ಲಿ ನುಂಗಿತು. ಹಾಗಾಗಿ ಒಬ್ಬನೇ ಮನುಷ್ಯ 1860ರ ಗಣತಿಯಲ್ಲಿ ಹ್ಯಾನೋವರಿನವನು, 1870ರಲ್ಲಿ ಪ್ರಷ್ಯದವನು, 1900ರಲ್ಲಿ ಜರ್ಮನಿಯವನು ಆಗಿದ್ದರೆ ಮೂರೂ ಸರಿ.

ನಮಗೆ ಪರಿಚಿತವಾದ ಹೆಸರೊಂದನ್ನೇ ನೋಡಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಈಸ್ಟ್ ಫ್ರೀಸಿಯದ ರೆಸ್ಟರ್‌ಹಾಫೆಯಲ್ಲಿ. ಆಗ ಅದು ಹ್ಯಾನೋವರ್ ರಾಜ್ಯ, 1866ರಿಂದ ಪ್ರಷ್ಯ, ಇಂದು ಲೋವರ್ ಸ್ಯಾಕ್ಸನಿ. ಆ ಸೀಮೆಗೆ ಇನ್ನೊಂದು ವಿಶೇಷವಿದೆ. ಅಲ್ಲಿ ತಂದೆಯ ಹೆಸರನ್ನೇ ಮಗನ ಎರಡನೆಯ ಹೆಸರು ಮಾಡುವ ಪದ್ಧತಿ ಇತ್ತು. ಸ್ಥಿರವಾದ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ನೆಪೋಲಿಯನ್ನನ ಆಡಳಿತ 1811ರಲ್ಲಿ ಕಟ್ಟಪ್ಪಣೆ ಮಾಡಿದ ಮೇಲೂ ಹಳೆಯ ರೂಢಿ ಬೇಗ ಹೋಗಲಿಲ್ಲ. ಅಲ್ಲಿ ಒಂದೇ ಅಡ್ಡಹೆಸರನ್ನು ಹಿಡಿದು ಹಿಂದಕ್ಕೆ ಹೋದರೆ ಒಂದೆರಡು ತಲೆಮಾರಿಗೇ ಎಳೆ ಕಡಿಯುತ್ತದೆ.

ರಾಜ್ಯದ ಹೆಸರನ್ನು ಊರಿನ ಹೆಸರೆಂದು ತಿಳಿಯುವುದು ಮತ್ತೊಂದು ಬಲೆ. "ಹೆಸ್ಸೆ-ಡಾರ್ಮ್‌ಸ್ಟಾಟ್" ಎಂದಿದ್ದರೆ ಡಾರ್ಮ್‌ಸ್ಟಾಟ್ ನಗರದಲ್ಲಿ ಹುಟ್ಟಿದ ಎಂದಲ್ಲ, ಆ ಹೆಸರಿನ ಡಚಿಯ ನೂರಾರು ಹಳ್ಳಿಗಳಲ್ಲಿ ಯಾವುದೂ ಆಗಬಹುದು. ಹ್ಯಾನೋವರ್, ಓಲ್ಡೆನ್‌ಬರ್ಗ್‌ಗಳದೂ ಇದೇ ಕಥೆ. ಅಮೆರಿಕದ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು. ಹೆಸ್ಸೆ-ಕಾಸೆಲ್ ಅವರ ಕೈಯಲ್ಲಿ "ಹೆಸ್ಸೆ ಕ್ಯಾಸಲ್" ಎಂಬ ಕೋಟೆಯಾಯಿತು, ಬವೇರಿಯದ ಜರ್ಮನ್ ಹೆಸರಾದ ಬಯರ್ನ್ ಎಂದದ್ದು "ಬೈರನ್" ಆಯಿತು.

ಹಡಗಿನ ಪಟ್ಟಿ

ಹಡಗಿನ ದಾಖಲೆ ಸಿಕ್ಕರೆ ಎಲ್ಲ ಸಿಕ್ಕಿತು ಎಂದುಕೊಳ್ಳುವವರು ಬಹಳ. ಅದು ಯಾವ ಬಂದರು, ಯಾವ ವರ್ಷ ಎಂಬುದರ ಮೇಲೆ ನಿಂತಿದೆ. ಹ್ಯಾಂಬರ್ಗಿನಿಂದ ಹೊರಟವರ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ, ಮೊದಲ ಮಹಾಯುದ್ಧದ ಕಾಲದ ಕೆಲವು ವರ್ಷ ಬಿಟ್ಟು. ಅವುಗಳಲ್ಲಿ ಹಿಂದಿನ ವಾಸಸ್ಥಳದ ಖಾನೆ ಇದೆ, ಅದೇ ಅವುಗಳ ಬೆಲೆ. ಎರಡು ಸಾಲು ಪುಸ್ತಕಗಳಿವೆ ಎಂಬುದು ನೆನಪಿರಲಿ: ನೇರವಾಗಿ ಅಮೆರಿಕಕ್ಕೆ ಹೋದವರದು ಒಂದು, ಇಂಗ್ಲೆಂಡಿನ ಹಲ್ ಬಂದರಿಗೆ ಹೋಗಿ, ರೈಲಿನಲ್ಲಿ ಲಿವರ್‌ಪೂಲ್ ಸೇರಿ, ಅಲ್ಲಿಂದ ದೊಡ್ಡ ಹಡಗು ಹತ್ತಿದವರಂಥವರದು ಇನ್ನೊಂದು. ಎರಡನೆಯ ದಾರಿಯಲ್ಲಿ ಹೋದವರ ಹಡಗಿನ ಹೆಸರು ಹ್ಯಾಂಬರ್ಗಿನ ಪಟ್ಟಿಯಲ್ಲಿ ಒಂದು, ನ್ಯೂಯಾರ್ಕಿನ ಪಟ್ಟಿಯಲ್ಲಿ ಇನ್ನೊಂದು. ಹೊಂದುತ್ತಿಲ್ಲವೆಂದು ಅಲ್ಲಿಗೇ ಕೈಬಿಡಬೇಡಿ.

ಬ್ರೆಮೆನ್ನಿನದು ದುಃಖದ ಕಥೆ. ಜಾಗ ಸಾಲದೆಂದು ಹಳೆಯ ಪಟ್ಟಿಗಳನ್ನು 19ನೇ ಶತಮಾನದಲ್ಲೇ ನಾಶಮಾಡತೊಡಗಿದರು, ಮಿಕ್ಕವು ಎರಡನೇ ಮಹಾಯುದ್ಧದಲ್ಲಿ ಹೋದವು. ಉಳಿದಿರುವುದು ಮುಖ್ಯವಾಗಿ 1920ರಿಂದ 1939ರವರೆಗಿನವು. ಫ್ರೀಡ್ರಿಖ್ ಟ್ರಂಪ್ ಹೊರಟ ದಿನದ ಬ್ರೆಮೆನ್ ಪಟ್ಟಿಯನ್ನು ಯಾರೂ ನೋಡಲಾರರು, ಅವನು ಇಳಿದ ದಿನದ ಅಮೆರಿಕದ ಪಟ್ಟಿಯೇ ಗತಿ. ನೈರುತ್ಯ ಜರ್ಮನಿಯವರು ಫ್ರಾನ್ಸಿನ ಲ ಹಾವ್ರ್ ಬಂದರಿನಿಂದಲೂ ತುಂಬ ಹೊರಟರು. ಅಲ್ಲಿಂದ ಹತ್ತಿ ತರಲು ಹೋಗುವ ಹಡಗು ಹಿಡಿದು ನ್ಯೂ ಓರ್ಲಿಯನ್ಸ್‌ಗೆ, ಅಲ್ಲಿಂದ ಮಿಸ್ಸಿಸಿಪ್ಪಿಯ ಮೇಲೆ ಸೇಂಟ್ ಲೂಯಿಸ್‌ಗೆ. ಕುಟುಂಬ ಮಿಸ್ಸೌರಿಯಲ್ಲಿ ನೆಲೆಸಿದ್ದರೆ ನ್ಯೂಯಾರ್ಕಿನ ಪಟ್ಟಿಗಳನ್ನಷ್ಟೇ ಜಾಲಾಡುವುದು ವ್ಯರ್ಥ. ಬಾಲ್ಟಿಮೋರ್, ಗ್ಯಾಲ್ವೆಸ್ಟನ್‌ಗಳನ್ನೂ ನೋಡಬೇಕು.

ಅಮೆರಿಕದ ಕಡೆಯ ಪಟ್ಟಿಗಳು 1820ರಿಂದ ಇವೆ. ಮೊದಲಿನವುಗಳಲ್ಲಿ ಹೆಸರು, ವಯಸ್ಸು, ಕಸುಬು, ದೇಶ ಅಷ್ಟೇ. ಕೊನೆಯ ವಾಸಸ್ಥಳ ಕಡ್ಡಾಯವಾಗಿ ಬಂದದ್ದು 1893ರಲ್ಲಿ, ಹುಟ್ಟಿದ ಊರು 1906-07ರ ಹೊತ್ತಿಗೆ. ನ್ಯೂಯಾರ್ಕಿನ ವಲಸೆ ತಪಾಸಣಾ ಕೇಂದ್ರವಾದ ಎಲ್ಲಿಸ್ ಐಲ್ಯಾಂಡ್ ಬಾಗಿಲು ತೆರೆದದ್ದು 1892ರ ಜನವರಿ 1ರಂದು. ಅದಕ್ಕೆ ಮುಂಚೆ, 1855ರಿಂದ 1890ರವರೆಗೆ, ನ್ಯೂಯಾರ್ಕಿನಲ್ಲಿ ಜನ ಇಳಿದದ್ದು ಕ್ಯಾಸಲ್ ಗಾರ್ಡನ್‌ನಲ್ಲಿ. 1870ರಲ್ಲಿ ಬಂದ ಅಜ್ಜನನ್ನು ಎಲ್ಲಿಸ್ ಐಲ್ಯಾಂಡಿನ ಕಡತಗಳಲ್ಲಿ ಹುಡುಕುವವರು ಇಂದಿಗೂ ಇದ್ದಾರೆ. "ಎಲ್ಲಿಸ್ ಐಲ್ಯಾಂಡಿನಲ್ಲಿ ಹೆಸರು ಬದಲಾಯಿಸಿದರು" ಎಂಬುದೂ ಬರೀ ಕಟ್ಟುಕಥೆ. ಅಲ್ಲಿನ ಅಧಿಕಾರಿಗಳು ಹೆಸರು ಬರೆಯಲಿಲ್ಲ, ಹಡಗಿನ ಕಂಪನಿ ಹೊರಡುವ ಬಂದರಿನಲ್ಲಿ ತಯಾರಿಸಿದ ಪಟ್ಟಿಗೆ ಗುರುತು ಹಾಕಿದರು. ಶ್ಮಿಟ್ ಸ್ಮಿತ್ ಆದದ್ದು, ತ್ಸಿಮ್ಮರ್‌ಮನ್ ಕಾರ್ಪೆಂಟರ್ ಆದದ್ದು ಆಮೇಲೆ, ಶಾಲೆ, ಅಂಗಡಿ, ನೆರೆಹೊರೆಗಳಲ್ಲಿ. ಹೀಗಾಗಿ ಪಟ್ಟಿಯಲ್ಲಿ ಹುಡುಕುವಾಗ ಜರ್ಮನ್ ರೂಪವನ್ನೇ ಹುಡುಕಿ. ಬ-ಪ, ಡ-ಟ, ಗ-ಕ ಅದಲುಬದಲು ಮಾಡಿ ನೋಡಿ. ದಕ್ಷಿಣದವರ ಬಾಯಲ್ಲಿ ಇವು ಒಂದೇ ಥರ ಕೇಳುತ್ತವೆ.

ಮೊದಲ ಹೆಸರಿನದು ಬೇರೆಯೇ ಗೋಜಲು. ದೀಕ್ಷಾಸ್ನಾನದಲ್ಲಿ ಅಣ್ಣತಮ್ಮಂದಿರೆಲ್ಲ ಯೋಹಾನ್ ಆಗಿರುತ್ತಾರೆ: ಯೋಹಾನ್ ಪೀಟರ್, ಯೋಹಾನ್ ಆಡಮ್, ಯೋಹಾನ್ ಗೆಯೋರ್ಗ್. ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಅಮೆರಿಕದ ಜಾರ್ಜ್ ಅಲ್ಲಿ ಯೋಹಾನ್ ಗೆಯೋರ್ಗ್ ಎಂದಿದ್ದರೆ ಬೇರೆ ವ್ಯಕ್ತಿ ಎಂದು ತಳ್ಳಿಹಾಕಬೇಡಿ.

ಹೆಸರು ಸಿಕ್ಕಿತು, ಊರು ಯಾವುದು?

ನಮ್ಮಲ್ಲಿ ಹೊಸಹಳ್ಳಿ, ಹೊಸೂರುಗಳಿಗೆ ಲೆಕ್ಕವಿಲ್ಲದ ಹಾಗೆ ಅಲ್ಲಿ ನಾಯ್‌ಸ್ಟಾಟ್, ನಾಯ್‌ಡಾರ್ಫ್, ನಾಯ್‌ಕಿರ್ಖೆನ್‌ಗಳು. ಹೆಸರೊಂದೇ ಸಾಲದು, ರಾಜ್ಯವೂ ಜಿಲ್ಲೆಯೂ ಬೇಕು. ಇದಕ್ಕೆ ಇಟ್ಟುಕೊಳ್ಳಬೇಕಾದ ಒಂದೇ ಪುಸ್ತಕ 1912ರ 'ಮೈಯರ್ಸ್ ಓರ್ಟ್ಸ್' ಎಂಬ ಸ್ಥಳಕೋಶ, ಈಗ ಜಾಲದಲ್ಲಿ ಉಚಿತ. ಸಾಮ್ರಾಜ್ಯದ ಸಣ್ಣ ಕೇರಿಗಳೂ ಅದರಲ್ಲಿವೆ. ಒಂದು ನಮೂದನ್ನು ಓದುವ ಕ್ರಮ ಹೀಗೆ: ಊರಿನ ಹೆಸರಿನ ಪಕ್ಕದ ಹ್ರಸ್ವಾಕ್ಷರ ಅದು ಹಳ್ಳಿಯೋ ಪಟ್ಟಣವೋ ಹೇಳುತ್ತದೆ. ಆಮೇಲೆ ರಾಜ್ಯ, ಪ್ರಾಂತ, ಜಿಲ್ಲೆ, ನ್ಯಾಯಾಲಯ. ನಂತರ ನೋಂದಣಿ ಕಚೇರಿಯ ಹ್ರಸ್ವರೂಪ. ಅದು ಒಂಟಿಯಾಗಿದ್ದರೆ ಕಚೇರಿ ಆ ಊರಿನಲ್ಲೇ ಇತ್ತು ಎಂದರ್ಥ, ಅದರ ಮುಂದೆ ಇನ್ನೊಂದು ಊರಿನ ಹೆಸರಿದ್ದರೆ ನೀವು ಪತ್ರ ಬರೆಯಬೇಕಾದದ್ದು ಆ ಇನ್ನೊಂದು ಊರಿಗೆ. ಕೊನೆಯಲ್ಲಿ ಪ್ರಾಟೆಸ್ಟಂಟ್ ಅಥವಾ ಕ್ಯಾಥೊಲಿಕ್ ಚರ್ಚು ಇದೆಯೇ ಎಂಬ ಸೂಚನೆ. ಇಲ್ಲವೆಂದಾದರೆ ಜನ ನಡೆದು ಹೋಗುತ್ತಿದ್ದ ಪಕ್ಕದ ಹಳ್ಳಿಯ ಚರ್ಚಿನ ಪುಸ್ತಕ ಹುಡುಕಬೇಕು. ಊರು ಸರಿಯಾಗಿದ್ದೂ ದಾಖಲೆ ಸಿಗದಿರುವುದಕ್ಕೆ ಇದೇ ಮುಖ್ಯ ಕಾರಣ.

ಪ್ರಾಟೆಸ್ಟಂಟ್ ಪುಸ್ತಕಗಳ ದೊಡ್ಡ ಸಂಗ್ರಹ 'ಆರ್ಖಿಯೊನ್' ತಾಣದಲ್ಲಿ ಹಣ ಕೊಟ್ಟರೆ ಸಿಗುತ್ತದೆ. ಕ್ಯಾಥೊಲಿಕ್ ಪುಸ್ತಕಗಳು 'ಮಾಟ್ರಿಕುಲ' ತಾಣದಲ್ಲಿ ಉಚಿತ, ಬಿಷಪ್ಪರ ಆಡಳಿತದ ಸೀಮೆಗಳಾದ ಎಲ್ಲ ಡಯಾಸಿಸ್‌ಗಳೂ ಇಲ್ಲ. ವಂಶಾವಳಿಯ ತಾಣ ಫ್ಯಾಮಿಲಿಸರ್ಚ್‌ನಲ್ಲೂ ಬೇಕಾದಷ್ಟಿವೆ. ರೈನಿನ ಎಡದಂಡೆಯ ಊರುಗಳಿಗೆ ಒಂದು ಅನುಕೂಲವಿದೆ. ಫ್ರೆಂಚರ ಆಳ್ವಿಕೆಯಲ್ಲಿ, 1798ರ ಸುಮಾರಿನಲ್ಲೇ ಅಲ್ಲಿ ಸರ್ಕಾರಿ ನೋಂದಣಿ ಬಂತು. ಹಾಗಾಗಿ ಕಾಲ್‌ಸ್ಟಾಟ್‌ನಂಥ ಕಡೆ 1869ರ ಹುಟ್ಟನ್ನು ಚರ್ಚಿನ ಪುಸ್ತಕ ಮತ್ತು ಸರ್ಕಾರಿ ಪುಸ್ತಕ ಎರಡರಲ್ಲೂ ತಾಳೆ ನೋಡಬಹುದು. ಇಂದು ಪೋಲೆಂಡಿನಲ್ಲಿರುವ ಪೂರ್ವದ ಸೀಮೆಗಳಾದರೆ ಉಳಿದ ಪುಸ್ತಕಗಳು ಪೋಲಿಷ್ ಸರ್ಕಾರಿ ದಫ್ತರಗಳಲ್ಲಿ ಮತ್ತು ಬರ್ಲಿನ್ನಿನ ನೋಂದಣಿ ಕಚೇರಿಯಲ್ಲಿ ಹಂಚಿಹೋಗಿವೆ. ಅಲ್ಲಿನ ಊರಿಗೆ ಈಗ ಪೋಲಿಷ್ ಹೆಸರು, ಮೊದಲು ಅದನ್ನು ತಿಳಿದುಕೊಳ್ಳಿ.

ಪುಟ ತೆರೆದಾಗ ಕಾಣುವುದು ಕುರೆಂಟ್ ಎಂಬ ಹಳೆಯ ಕೈಬರಹ. ಅದರಲ್ಲಿ 'ಇ' (e) ಅಕ್ಷರ 'ಎನ್'ನ (n) ಹಾಗೆ ಕಾಣುತ್ತದೆ, 'ಯು' (u) ಮೇಲೆ ಒಂದು ಕೊಂಕು ಇರುತ್ತದೆ. ಹತ್ತಿಪ್ಪತ್ತು ಪುಟ ಓದುವಷ್ಟರಲ್ಲಿ ಕಣ್ಣು ಪಳಗುತ್ತದೆ, ಪಾದ್ರಿ ಬದಲಾದರೆ ಮತ್ತೆ ಮೊದಲಿನಿಂದ. ತಿಂಗಳುಗಳಲ್ಲಿ ಎಚ್ಚರ: 7ರ ಮುಂದೆ 'ಬೆರ್' ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಹಳೆಯ ಪುಸ್ತಕಗಳಲ್ಲಿ ಹೆಂಗಸರ ಅಡ್ಡಹೆಸರಿಗೆ 'ಇನ್' ಸೇರುತ್ತದೆ. ಮ್ಯುಲ್ಲರ್ ಮನೆತನದವಳು ಮ್ಯುಲ್ಲರಿನ್.

ತಾರೀಖು, ತಂದೆತಾಯಿ ಹೊಂದಿದರೂ ಅಲ್ಲಿಗೆ ನಿಲ್ಲಬೇಡಿ. ಅದೇ ಪುಸ್ತಕದ ಸಾವಿನ ಭಾಗವನ್ನು ಮುಂದಿನ ಹದಿನೈದು ಇಪ್ಪತ್ತು ವರ್ಷಗಳವರೆಗೆ ನೋಡಿ. ಮಗು ಸತ್ತರೆ ಮುಂದಿನ ಮಗುವಿಗೆ ಅದೇ ಹೆಸರಿಡುವುದು ವಾಡಿಕೆ. ಮೂರು ವರ್ಷಕ್ಕೇ ತೀರಿಹೋದ ಮಗುವನ್ನು ಅಮೆರಿಕಕ್ಕೆ ಕಳಿಸಿದ ವಂಶಾವಳಿಗಳು ಬೇಕಾದಷ್ಟಿವೆ. ಅವನು ಅದೇ ಊರಿನಲ್ಲಿ ಮದುವೆಯಾಗಿ ಅಲ್ಲೇ ಸತ್ತಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಕೆಲವೊಮ್ಮೆ ಅಂಚಿನಲ್ಲಿ ಬೇರೆ ಶಾಯಿಯಲ್ಲಿ "ನಾಖ್ ಅಮೇರಿಕ" ಎಂದು ಪಾದ್ರಿ ಬರೆದಿರುತ್ತಾನೆ, ಅಮೆರಿಕಕ್ಕೆ ಹೋದ ಎಂದು. ಅದು ಸಿಕ್ಕರೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಕಡೆಯ ಸಾಕ್ಷಿ ವಲಸೆಯ ಕಡತಗಳು. ದೇಶ ಬಿಡಲು ಅನುಮತಿ ಬೇಕಿತ್ತು. ಸಾಲ ಕೊಟ್ಟವರಿಗೆ ತಿಳಿಯಲೆಂದು ಹೋಗುವವರ ಹೆಸರನ್ನು ಸರ್ಕಾರಿ ಪತ್ರಿಕೆಯಲ್ಲಿ ಹಾಕುತ್ತಿದ್ದರು. ವ್ಯುರ್ಟೆಂಬರ್ಗ್, ಬಾಡೆನ್‌ಗಳ ಇಂಥ ದಾಖಲೆಗಳ ಸೂಚಿ ಜಾಲದಲ್ಲಿದೆ. ಆದರೆ ಸೈನ್ಯದ ಕಡ್ಡಾಯ ಸೇವೆ ತಪ್ಪಿಸಿಕೊಳ್ಳಲು ಹೇಳದೆ ಕೇಳದೆ ಹೋದ ಹುಡುಗರೂ ಅಸಂಖ್ಯ, ಫ್ರೀಡ್ರಿಖ್ ಟ್ರಂಪ್ ಅವರಲ್ಲೊಬ್ಬ. ಹಣ ಮಾಡಿಕೊಂಡು ಹೆಂಡತಿಯೊಡನೆ ಊರಿಗೆ ಮರಳಿದವನಿಗೆ ಬವೇರಿಯದ ಸರ್ಕಾರ ಅದೇ ಕಾರಣಕ್ಕೆ 1905ರಲ್ಲಿ ದೇಶ ಬಿಡಲು ಆಜ್ಞೆ ಮಾಡಿತು. ಹೇಳದೆ ಹೋದವರ ಹೆಸರು ಅನುಮತಿಯ ಪಟ್ಟಿಯಲ್ಲಿ ಸಿಗದು, ಸೈನ್ಯಕ್ಕೆ ಹಾಜರಾಗದವರ ಪಟ್ಟಿಯಲ್ಲಿ ಸಿಕ್ಕೀತು.

ಪತ್ರ ಬರೆಯುವ ಪ್ರಸಂಗ ಬಂದರೆ ಜರ್ಮನ್ ಭಾಷೆಯಲ್ಲೇ ಬರೆಯಿರಿ, ಅರ್ಧ ಪುಟ ಮೀರಬೇಡಿ. "ನಮ್ಮ ವಂಶದ ಬಗ್ಗೆ ಇರುವುದೆಲ್ಲ ಕಳಿಸಿ" ಎಂದರೆ ಉತ್ತರ ಬರುವುದಿಲ್ಲ. ಹೆಸರು, ಧರ್ಮ, ಊರು, ತಾರೀಖು ಕೊಟ್ಟು ಒಂದೇ ದಾಖಲೆ ಕೇಳಿ, ಶುಲ್ಕ ಎಷ್ಟಾದರೆ ಒಪ್ಪಿಗೆ ಎಂದೂ ಬರೆಯಿರಿ, ಹುಡುಕಾಟಕ್ಕೆ ಸಮಯದ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುವ ದಫ್ತರಗಳೇ ಹೆಚ್ಚು. ಸರ್ಕಾರಿ ನೋಂದಣಿಯ ಪುಸ್ತಕಗಳಲ್ಲಿ ಹುಟ್ಟಿಗೆ 110, ಮದುವೆಗೆ 80, ಸಾವಿಗೆ 30 ವರ್ಷ ಕಳೆದ ಮೇಲೆ ಅವು ನೋಂದಣಿ ಕಚೇರಿಯಿಂದ ಸ್ಥಳೀಯ ದಫ್ತರಕ್ಕೆ ಹೋಗುತ್ತವೆ, ಯಾರು ಬೇಕಾದರೂ ಕೇಳಬಹುದು. ಅವಧಿ ಮುಗಿದಿಲ್ಲವಾದರೆ ನೇರ ವಂಶಸ್ಥರೆಂಬುದಕ್ಕೆ ಪ್ರಮಾಣಪತ್ರಗಳ ಸರಣಿಯನ್ನು ಅರ್ಜಿಯ ಜೊತೆಗೇ ಕಳಿಸಿ.